ಮಡಿಕೇರಿ ಮ್ಯೂಸಿಯಂನಲ್ಲಿ ಮಕ್ಕಳ ಕಾರ್ಟೂನ್ ಶಿಬಿರ: ಮಾಡುವುದು ಹೇಗೆ?

ಬೇಸಿಗೆ ರಜೆ ಬಂತೆಂದರೆ ಚಿತ್ರಕಲಾ ಶಿಬಿರಗಳಿಗೆ ಬರವಿಲ್ಲ. ಹಾಲ್‌ನಲ್ಲಿ ಮಕ್ಕಳನ್ನು ಕೂರಿಸುತ್ತಾರೆ. ಬೋರ್ಡ್ ಮೇಲೆ ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕಕ್ಕೊಂದು ತೆಂಗಿನ ಮರ. ಕೊಡಗಿನ ಮಕ್ಕಳೂ ಅದನ್ನೇ ನೋಡಿ ಬರೆಯುತ್ತಾರೆ. ಹೊರಗೆ ಕಣ್ಣು ಹಾಯಿಸಿದರೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ. ಅದು ಯಾರ ಹಾಳೆಗೂ ಬರುವುದಿಲ್ಲ. ಕಾರ್ಟೂನ್ ಶಿಬಿರವಾದರೆ ಮ್ಯೂಸಿಯಂನಲ್ಲಿ ಮಾಡಿ ಎಂದು ನಾನು ಹೇಳುವುದು ಅದಕ್ಕೇ. ಅಲ್ಲಿ ಬೋರ್ಡ್ ಇಲ್ಲ. ಎದುರಿಗೆ ಇರುವುದನ್ನು ನೋಡಿಯೇ ಬರೆಯಬೇಕು.

ಬೇರೆ ಕಡೆ ಇದು ಹೊಸದೇನಲ್ಲ. ಸ್ನೂಪಿ ಎಂಬ ನಾಯಿಯನ್ನು ಸೃಷ್ಟಿಸಿದ ಚಾರ್ಲ್ಸ್ ಶುಲ್ಜ್ ಹೆಸರಿನ ಮ್ಯೂಸಿಯಂ ಅಮೆರಿಕದ ಸಾಂತಾ ರೋಸಾದಲ್ಲಿ 2002ರಲ್ಲಿ ಶುರುವಾಯಿತು. ಅಲ್ಲಿ ಮಕ್ಕಳಿಗೆ ಕಾರ್ಟೂನ್ ತರಗತಿ, ರಜೆಯ ಶಿಬಿರ ಎರಡೂ ನಡೆಯುತ್ತವೆ. ನಮ್ಮ ಬೆಂಗಳೂರಿನಲ್ಲೂ ಎಂ.ಜಿ. ರಸ್ತೆಯ ಹತ್ತಿರ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ 2007ರಲ್ಲಿ ಬಂತು. ಮಡಿಕೇರಿಯಲ್ಲಿ ಕಾರ್ಟೂನಿಗೆಂದೇ ಮ್ಯೂಸಿಯಂ ಇಲ್ಲ. ಇಲ್ಲದಿದ್ದರೂ ನಡೆಯುತ್ತದೆ.

ಜಾಗ, ಸಮಯ, ಸಾಮಾನು

ಜಾಗ ಎರಡಿವೆ. ಒಂದು, ಕೋಟೆಯೊಳಗೆ ಹಳೆಯ ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಡದಲ್ಲಿರುವ ಸರ್ಕಾರಿ ಮ್ಯೂಸಿಯಂ. ಇನ್ನೊಂದು, ಜನರಲ್ ತಿಮ್ಮಯ್ಯ ಅವರ ಮನೆ 'ಸನ್ನಿ ಸೈಡ್'. 2021ರ ಫೆಬ್ರುವರಿಯಲ್ಲಿ ರಾಷ್ಟ್ರಪತಿಗಳು ಅದನ್ನು ಮ್ಯೂಸಿಯಂ ಆಗಿ ಉದ್ಘಾಟಿಸಿದರು. ಚಿಕ್ಕ ಮಕ್ಕಳಿಗೆ ಕೋಟೆಯೇ ಸರಿ, ಯಾಕೆಂದರೆ ಅಲ್ಲಿ ಆನೆ ಇದೆ. ಆನೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅನುಮತಿ. ಬಾಯಿಮಾತು ಸಾಲದು. ಎಷ್ಟು ಮಕ್ಕಳು, ಯಾವ ವಯಸ್ಸು, ಎಷ್ಟು ಹೊತ್ತು, ಎಲ್ಲಿ ಕೂರುತ್ತಾರೆ ಎಂದು ಬರೆದು ಅರ್ಜಿ ಕೊಡಿ. ವಾರದ ರಜೆ ಯಾವತ್ತು ಅಂತ ಅಲ್ಲೇ ಕೇಳಿಕೊಳ್ಳಿ. ಕೋಟೆಯ ಅರಮನೆ ಸಂರಕ್ಷಿತ ಸ್ಮಾರಕ. ಗೋಡೆಗೆ ಟೇಪ್ ಅಂಟಿಸುವುದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚುವುದು ಬೇಡ.

ಶಿಬಿರ ಮೂರು ದಿನ ಇದ್ದರೆ ಸಾಕು, ಬೆಳಿಗ್ಗೆ 10ರಿಂದ 1ರವರೆಗೆ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ದಾಟಿದರೆ ಗುಡುಗು ಮಳೆ ಬರುವುದು ಜಾಸ್ತಿ. ಜೂನ್ ಬಂದ ಮೇಲಂತೂ ಅಂಗಳದಲ್ಲಿ ಕೂರುವ ಮಾತೇ ಇಲ್ಲ. ದಸರಾ ರಜೆಯೂ ಆಗಬಹುದು. ಆದರೆ ದಶಮಂಟಪಗಳ ಗದ್ದಲದ ದಿನಗಳನ್ನು ಬಿಟ್ಟು ಇಟ್ಟುಕೊಳ್ಳಿ. ಇಬ್ಬರು ದೊಡ್ಡವರಿಗೆ 15 ಮಕ್ಕಳು ಅಂತ ಲೆಕ್ಕ ಹಾಕಿ. ಅದಕ್ಕಿಂತ ಜಾಸ್ತಿಯಾದರೆ ಕಲಿಸುವುದಕ್ಕಿಂತ ಕಾಯುವುದೇ ಕೆಲಸವಾಗುತ್ತದೆ.

ಸಾಮಾನಿಗೆ ದುಡ್ಡು ಸುರಿಯಬೇಡಿ. ಪರೀಕ್ಷೆಗೆ ಒಯ್ಯುವ ರಟ್ಟು, ಎ4 ಹಾಳೆ, 2ಬಿ ಪೆನ್ಸಿಲ್, ಒಂದು ಕಪ್ಪು ಪೆನ್. ಮ್ಯೂಸಿಯಂ ಒಳಗೆ ಪೆನ್ಸಿಲ್ ಮಾತ್ರ. ಪೆನ್ನು ಹೊರಗೆ ಅಂಗಳದಲ್ಲಿ. ರಬ್ಬರ್ ನಾನು ಕೊಡುವುದೇ ಇಲ್ಲ. ಕೊಟ್ಟರೆ ಮೂಗು ಅಳಿಸುತ್ತಾ ಬೆಳಗು ಕಳೆದುಹೋಗುತ್ತದೆ.

ಮೊದಲ ದಿನ: ಮುಖ, ಆಮೇಲೆ ಆನೆ

ಹಾಳೆಯನ್ನು ಒಂಬತ್ತು ಚೌಕ ಮಾಡಿಸಿ. ಪ್ರತಿ ಚೌಕದಲ್ಲೂ ಒಂದು ದುಂಡು, ಒಳಗೆ ಎರಡು ಚುಕ್ಕಿ ಕಣ್ಣು. ಈಗ ಹುಬ್ಬು ಮೂರು ಥರ: ಮೇಲಕ್ಕೆ ಏರಿದ್ದು, ಮೂಗಿನ ಕಡೆ ಇಳಿದದ್ದು, ನೆಟ್ಟಗಿನದು. ಬಾಯಿಯೂ ಮೂರು ಥರ: ನಗು, ಸಪ್ಪೆ, ತೆರೆದ ಬಾಯಿ. ಒಂದೊಂದು ಹುಬ್ಬಿಗೆ ಒಂದೊಂದು ಬಾಯಿ ಸೇರಿಸುತ್ತಾ ಹೋದರೆ ಒಂಬತ್ತು ಮುಖ ಸಿಗುತ್ತವೆ. ಇಳಿದ ಹುಬ್ಬಿಗೆ ನಗುವ ಬಾಯಿ ಇಟ್ಟರೆ ಏನೋ ಕಿತಾಪತಿ ಮಾಡಲು ಹೊರಟ ಮುಖ. ಅದು ಬಂದ ಕೂಡಲೇ ಮಕ್ಕಳು ತಾವೇ ನಗುತ್ತಾರೆ. ನನಗೆ ಚಿತ್ರ ಬರಲ್ಲ ಅನ್ನುವ ಮಗುವಿಗೂ ಇದು ಬರುತ್ತದೆ.

ಆಮೇಲೆ ಅಂಗಳಕ್ಕೆ ಬನ್ನಿ. ಕೋಟೆಯಲ್ಲಿ ನಿಜ ಗಾತ್ರದ ಎರಡು ಗಾರೆ ಆನೆಗಳಿವೆ. ಬಂದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಶಿಬಿರದ ಮಕ್ಕಳು ಹಾಗೆ ಮಾಡುವಂತಿಲ್ಲ. ಐದು ನಿಮಿಷ ಪೆನ್ಸಿಲ್ ಕೆಳಗಿಟ್ಟು ಸುಮ್ನೆ ನೋಡಬೇಕು. ಕಿವಿಯ ಅಂಚು ಎಲ್ಲಿಂದ ಶುರುವಾಗುತ್ತದೆ? ಸೊಂಡಿಲು ಎಲ್ಲಿ ಬಾಗುತ್ತದೆ? ದೇಹಕ್ಕೆ ಹೋಲಿಸಿದರೆ ಕಣ್ಣು ಎಷ್ಟು ಚಿಕ್ಕದು? ಆಮೇಲೆ ಇದ್ದದ್ದು ಇದ್ದ ಹಾಗೆ ಒಂದು ಚಿತ್ರ.

ಇದಾದ ಮೇಲೆ ಕೇಳಿ: 'ಮಡಿಕೇರಿ ಮಳೆಯಲ್ಲಿ ವರ್ಷವಿಡೀ ನೆನೆದು ಈ ಆನೆಗೆ ನೆಗಡಿ ಆದರೆ?' ಈಗ ಸೊಂಡಿಲು ಬಲೂನಿನಷ್ಟು ಊದಬಹುದು, ಕಣ್ಣು ಮುಚ್ಚಬಹುದು, ಕಿವಿ ಎರಡೂ ಹಿಂದಕ್ಕೆ ಹಾರಬಹುದು. ಸೀನುವಾಗ ಬೇಕಾದ್ದು ಸೊಂಡಿಲು. ಹಾಗಾಗಿ ಅದನ್ನು ಹಿಗ್ಗಿಸಿ, ಉಳಿದದ್ದನ್ನು ಕುಗ್ಗಿಸಿ ಅಂತ ಹೇಳಿಕೊಡಿ. ಎಲ್ಲವನ್ನೂ ದೊಡ್ಡದು ಮಾಡಿದರೆ ಯಾವುದೂ ದೊಡ್ಡದಾಗಿ ಕಾಣುವುದಿಲ್ಲ.

ಒಂದು ನಿಯಮ ಮೊದಲೇ ಹೇಳಿಬಿಡಿ. ಪಕ್ಕದಲ್ಲಿ ಕೂತವರ ಹೊಟ್ಟೆ, ಹಲ್ಲು, ಮೈಬಣ್ಣ ಕಾರ್ಟೂನಿಗೆ ವಸ್ತುವಲ್ಲ. ಕಲಿಸುವವರ ಮೂಗು ಬೇಕಾದರೆ ಬರೆಯಲಿ.

ಇನ್ನೂ ಹೊತ್ತು ಉಳಿದರೆ ಕಾಗೆ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಹುಡುಗನಾಗಿದ್ದಾಗ ಕಾಗೆ ಬರೆಯಲು ಶುರು ಮಾಡಿ ಮುದುಕರಾಗುವವರೆಗೂ ಬಿಡಲಿಲ್ಲ. ಕೋಟೆಯಲ್ಲೂ ಕಾಗೆಗೆ ಟಿಕೆಟ್ ಇಲ್ಲ!

ಎರಡನೇ ದಿನ: ಕಥೆ

ಮ್ಯೂಸಿಯಂ ಒಳಗೆ ಹಳೆಯ ಶಿಲ್ಪ, ಆಯುಧಗಳಿವೆ. ಒಬ್ಬೊಬ್ಬರು ಒಂದೊಂದು ವಸ್ತು ಆರಿಸಿಕೊಳ್ಳಲಿ. ಅದಕ್ಕೆ ಮಾತು ಬಂದರೆ ಮೊದಲು ಏನನ್ನು ದೂರುತ್ತದೆ? ಇಷ್ಟು ಕೇಳಿದರೆ ಸಾಕು, ಕಥೆ ಹುಟ್ಟುತ್ತದೆ.

ಅಲ್ಲಾಗಲಿ, ಊರಿನ ದೇವಸ್ಥಾನದ ಹತ್ತಿರವಾಗಲಿ ವೀರಗಲ್ಲು ಸಿಕ್ಕರೆ ಬಿಡಬೇಡಿ. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿ. ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಕಾಳಗ. ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಿದ್ದಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೂತಿದ್ದಾನೆ. ಮೂರೇ ಚೌಕದಲ್ಲಿ ಕಥೆ ಮುಗಿಯಿತು. ಕಲ್ಲಿನ ಕಾಮಿಕ್ಸ್ ಅಲ್ವಾ?

ಇದೇ ಅಳತೆಯಲ್ಲಿ ಮಕ್ಕಳು ತಮ್ಮದೊಂದು ಮಾಡಲಿ. ಜಿಗಣೆಯ ವೀರಗಲ್ಲು ಆಗಬಹುದು: ಕೆಳಗೆ ತೋಟದಲ್ಲಿ ಕಾಲಿಗೆ ಹತ್ತಿದ ಜಿಗಣೆ, ನಡುವೆ ಉಪ್ಪು ಹಿಡಿದು ಬಂದ ಅಜ್ಜಿ, ಮೇಲೆ ಸ್ವರ್ಗದಲ್ಲಿ ಕಾಲು ಹುಡುಕುತ್ತಿರುವ ಜಿಗಣೆ. ಮೊದಲ ಸಲ ಮಾತೇ ಇಲ್ಲದೆ ಬರೆಯಲಿ. ಲಕ್ಷ್ಮಣ್ ಅವರ ಚೌಕಳಿ ಕೋಟಿನ ಶ್ರೀಸಾಮಾನ್ಯ ಒಂದು ಮಾತೂ ಆಡದೆ ಎಲ್ಲ ಹೇಳುತ್ತಿದ್ದ. ಪಕ್ಕದವರಿಗೆ ತೋರಿಸಿ, ವಿವರಿಸದೆ ಅರ್ಥವಾದರೆ ಚಿತ್ರ ಗೆದ್ದಂತೆ.

ಮಾತು ಬೇಕೇ ಬೇಕು ಅಂದರೆ ಗುಳ್ಳೆ ಬರುತ್ತದೆ. ಇಲ್ಲೇ ಕನ್ನಡ ಮಕ್ಕಳು ಸಿಕ್ಕಿಬೀಳುವುದು. ಮೊದಲು ದುಂಡಗೆ ಗುಳ್ಳೆ ಬರೆಯುತ್ತಾರೆ, ಆಮೇಲೆ ಅಕ್ಷರ ತುರುಕುತ್ತಾರೆ. ಕೊನೆಯ ಪದ ಹೊರಗೆ ಬೀಳುತ್ತದೆ. ಉಲ್ಟಾ ಮಾಡಿಸಿ. ಮೊದಲು ಅಕ್ಷರ, ಆಮೇಲೆ ಅದರ ಸುತ್ತ ಗುಳ್ಳೆ. ಇಂಗ್ಲಿಷ್ ಕಾರ್ಟೂನಿನಲ್ಲಿ ಹೆಚ್ಚಾಗಿ ದೊಡ್ಡಕ್ಷರವೇ ಇರುತ್ತದೆ, ಕೆಳಗೆ ಏನೂ ಇಳಿಯುವುದಿಲ್ಲ. ನಮ್ಮದು ಹಾಗಲ್ಲ. 'ಅಜ್ಜಿ' ಎಂದು ಬರೆದರೆ ಒತ್ತಕ್ಷರ ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹಾಗಾಗಿ ಸಾಲುಗಳ ನಡುವೆ ಒಂದು ಅಕ್ಷರದಷ್ಟೇ ಜಾಗ ಬಿಡಿಸಿ. ಒಂದು ಗುಳ್ಳೆಗೆ ಆರೇಳು ಪದ ಮೀರಬಾರದು. ಗುಳ್ಳೆಯ ಬಾಲ ಬಾಯಿಯ ಕಡೆಗೇ ಇರಲಿ. ಮೊದಲು ಮಾತಾಡುವವರು ಎಡಗಡೆ ನಿಲ್ಲಲಿ. ಇಲ್ಲದಿದ್ದರೆ ಉತ್ತರ ಮೊದಲು ಬಂದು ಪ್ರಶ್ನೆ ಆಮೇಲೆ ಬರುತ್ತದೆ.

ಸದ್ದಿಗೆ 'ಬೂಮ್', 'ಕ್ರ್ಯಾಶ್' ಯಾಕೆ? ಜಿಟಿಜಿಟಿ, ಧೋ, ಧಡಾರ್, ಸರ್ರ್, ಆಕ್ಷೀ. ಮಳೆಯ ಊರಿನ ಮಕ್ಕಳಿಗೆ ಸದ್ದಿನ ಪದಗಳನ್ನು ಕಲಿಸಬೇಕಿಲ್ಲ, ಕೇಳಿದರೆ ಸಾಕು. ಜಿಟಿಜಿಟಿ ಸಣ್ಣಗೆ ಓರೆಯಾಗಿ ಬೀಳಲಿ, ಧೋ ಚೌಕದ ಗೆರೆ ದಾಟಿ ಸುರಿಯಲಿ.

ಮೂರನೇ ದಿನ: ಪುಟಾಣಿ ಪುಸ್ತಕ

ಪ್ರದರ್ಶನಕ್ಕಿಂತ ನನಗೆ ಪುಸ್ತಕವೇ ಇಷ್ಟ. ಎ4 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಡಿಸಿ, ಎಂಟು ಮನೆ ಕಾಣುತ್ತದೆ. ಈಗ ಉದ್ದವನ್ನು ಅರ್ಧ ಮಾಡುವ ಹಾಗೆ ಒಂದು ಸಲ ಮಡಚಿ. ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಕತ್ತರಿ ಹಾಕಿ, ಅಡ್ಡಗೆರೆ ಸಿಕ್ಕಲ್ಲಿ ನಿಲ್ಲಿಸಿ. ಬಿಡಿಸಿದರೆ ಹಾಳೆಯ ನಡುವೆ ಸೀಳು. ಹಾಳೆಯನ್ನು ಉದ್ದುದ್ದಕ್ಕೆ ಮಡಚಿ ಎರಡು ತುದಿ ಹಿಡಿದು ಒಳಕ್ಕೆ ತಳ್ಳಿ. ಸೀಳು ಬಾಯಿ ಬಿಟ್ಟು ನಾಲ್ಕು ರೆಕ್ಕೆ ಆಗುತ್ತದೆ. ಸುತ್ತಿ ಒತ್ತಿದರೆ ಎಂಟು ಪುಟದ ಪುಸ್ತಕ. ಅಂಟು ಬೇಡ, ಪಿನ್ನೂ ಬೇಡ.

ಚಿತ್ರ ಬರೆಯುವ ಮೊದಲು ಖಾಲಿ ಹಾಳೆಯಲ್ಲಿ ಹೀಗೆ ಮಡಚಿ ಪುಟಸಂಖ್ಯೆ ಹಾಕಿಸಿ, ಮತ್ತೆ ಬಿಡಿಸಿ ನೋಡಲಿ. ನಾಲ್ಕು ಮನೆ ತಲೆಕೆಳಗಾಗಿರುತ್ತವೆ. ಇದನ್ನು ಬಿಟ್ಟರೆ ಆನೆ ಅಂಗಾತ ಬೀಳುವುದು ಗ್ಯಾರಂಟಿ.

ಇಡೀ ಪುಸ್ತಕ ಹಾಳೆಯ ಒಂದೇ ಬದಿಯಲ್ಲಿರುವುದರಿಂದ ಜೆರಾಕ್ಸ್ ಸಲೀಸು. ಕತ್ತರಿ ಹಾಕುವ ಮೊದಲೇ ಜೆರಾಕ್ಸ್ ಮಾಡಿಸಿ. ಪೆನ್ಸಿಲ್ ಗೆರೆ ಮಸುಕಾಗಿ ಬರುತ್ತದೆ, ಅದಕ್ಕೇ ಕಪ್ಪು ಪೆನ್ನಿನಲ್ಲಿ ತಿದ್ದಿಸಬೇಕು. ಅಂಚಿನಲ್ಲಿ ಬೆರಳಗಲ ಜಾಗ ಬಿಟ್ಟಿರಲಿ, ಯಂತ್ರ ಅಂಚನ್ನು ನುಂಗುತ್ತದೆ. ಪ್ರತಿ ಮಗುವಿನ ಪುಸ್ತಕಕ್ಕೂ ಶಿಬಿರದಲ್ಲಿ ಎಷ್ಟು ಮಕ್ಕಳಿದ್ದಾರೋ ಅಷ್ಟು ಪ್ರತಿ, ಜೊತೆಗೆ ಮ್ಯೂಸಿಯಂಗೆ ಒಂದು ಹೆಚ್ಚಿಗೆ. ಕೊನೆಯ ಅರ್ಧ ಗಂಟೆ ಬದಲಾಯಿಸಿಕೊಳ್ಳುವುದಕ್ಕೆ ಬಿಡಿ. ಕರೆದುಕೊಂಡು ಹೋಗಲು ಬಂದ ಅಪ್ಪ ಅಮ್ಮಂದಿರನ್ನು ಆ ಹೊತ್ತು ಗೇಟಿನ ಹತ್ತಿರವೇ ನಿಲ್ಲಿಸಿಕೊಳ್ಳಿ. ಒಳಗೆ ಬಂದರೆ 'ನಿಂದು ಯಾಕೆ ನೀಟಾಗಿಲ್ಲ' ಅಂತ ಶುರು ಮಾಡುತ್ತಾರೆ.