ನಿಲ್ಲದ ಫಿಟ್ಸ್ ಮತ್ತು ಸಿನಾಪ್ಸ್ ಹೊರಗಿನ ಗಾಬಾ: ಕ್ಯಾಶುಯಲ್ಟಿಯಲ್ಲಿ ನಾವು ಮಾಡುವ ಕ್ರಮ

ದಾವಣಗೆರೆಗೆ ಫಿಟ್ಸ್ ಕೇಸುಗಳು ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಬರುತ್ತವೆ, ಕೆಲವು ಮೊಳಕಾಲ್ಮೂರಿನಿಂದಲೂ. ಮನೆಯಲ್ಲಿ ಕೈಗೆ ಬೀಗದಕೈ ಹಿಡಿಸಿ ಕಾದದ್ದು, ಗಾಡಿ ಹುಡುಕಿದ್ದು, ದಾರಿ ಎಲ್ಲ ಸೇರಿ ಒಂದು ಗಂಟೆ ಹೋಗಿರುತ್ತದೆ. ಮೈಯೆಲ್ಲ ಸೆಳೆಯುವ ಫಿಟ್ಸ್ 5 ನಿಮಿಷ ದಾಟಿತೆಂದರೆ ಸ್ಟೇಟಸ್ ಎಪಿಲೆಪ್ಟಿಕಸ್ (ತಾನಾಗಿ ನಿಲ್ಲದ ಫಿಟ್ಸ್) ಎಂದೇ ಹಿಡಿಯಬೇಕು. 30 ನಿಮಿಷ ದಾಟಿದರೆ ಮೆದುಳಿಗೆ ಉಳಿದುಬಿಡುವ ಹಾನಿಯ ಭಯ. ತಡವಾದಷ್ಟೂ ಮಿಡಜೋಲಾಂ, ಲೊರಾಜೆಪಾಂನಂಥ ಬೆಂಜೋಡಯಾಜೆಪೈನ್ ಗುಂಪಿನ ಔಷಧಗಳು ಕೆಲಸ ಮಾಡುವುದು ಕಡಿಮೆ. ಈ ಔಷಧಗಳು ಯಾಕೆ ಕೈಕೊಡುತ್ತವೆ ಎಂದು ಗೊತ್ತಿದ್ದರೆ ಮುಂದಿನ ಅರ್ಧ ಗಂಟೆ ಹಾಳಾಗುವುದಿಲ್ಲ.

ಗಾಬಾ ಎಂಬ ರಾಸಾಯನಿಕ ಮೆದುಳಿಗೆ ಎರಡು ರೀತಿ ಬ್ರೇಕ್ ಹಾಕುತ್ತದೆ. ಸಿನಾಪ್ಸ್‌ನಲ್ಲಿ (ಎರಡು ನರಕೋಶ ಸೇರುವ ಸಂದಿಯಲ್ಲಿ) ಅದು ಕ್ಷಣಮಾತ್ರ ಮಿಲಿಮೋಲಾರ್ ಮಟ್ಟಕ್ಕೆ ಏರಿ ಇಳಿದುಬಿಡುತ್ತದೆ. ಅಲ್ಲಿಂದ ಸೋರಿ ಕೋಶಗಳ ಸುತ್ತ ಉಳಿಯುವುದು ಅದರ ಸಾವಿರದಲ್ಲೊಂದು ಪಾಲು, ಮೈಕ್ರೋಮೋಲಾರ್ ಆಸುಪಾಸಿನಷ್ಟು, ಎಷ್ಟೋ ಸಲ ಅದಕ್ಕೂ ಕಡಿಮೆ. ಸಿನಾಪ್ಸ್ ಹೊರಗೆ ಕೂತ, ಗಾಬಾ ಹಿಡಿಯುವ ರಿಸೆಪ್ಟರ್‌ಗಳಿಗೆ ಅಷ್ಟೇ ಸಾಕು, ಅವು ಬಿಡದೆ ಕೆಲಸ ಮಾಡುತ್ತಿರುತ್ತವೆ. ಅಡಿಕೆ ತೋಟದವರಿಗೆ ಹೇಳುವುದಾದರೆ ಒಂದು ಹಾಯಿನೀರು, ಇನ್ನೊಂದು ಡ್ರಿಪ್.

ಗಾಬಾ-ಎ ರಿಸೆಪ್ಟರ್ ಐದು ತುಂಡು ಸೇರಿ ಆದದ್ದು. ಸಿನಾಪ್ಸ್‌ನಲ್ಲಿರುವುದು ಸಾಮಾನ್ಯವಾಗಿ ಎರಡು ಆಲ್ಫಾ, ಎರಡು ಬೀಟಾ, ಒಂದು ಗಾಮಾ. ಬೆಂಜೋಡಯಾಜೆಪೈನ್ ಕೂರುವುದು ಆಲ್ಫಾ ಮತ್ತು ಗಾಮಾ ನಡುವಿನ ಸಂದಿಯಲ್ಲಿ. ಹೊರಗಿನವುಗಳಲ್ಲಿ ಬಹಳಷ್ಟಕ್ಕೆ ಗಾಮಾ ಬದಲು ಡೆಲ್ಟಾ ಇರುತ್ತದೆ: ಮೆದುಳಿನ ಭಾಗಗಳಾದ ಹಿಪೊಕ್ಯಾಂಪಸ್‌ನ ಡೆಂಟೇಟ್ ಗೈರಸ್ ಮತ್ತು ಥಲಾಮಸ್‌ನಲ್ಲಿ ಆಲ್ಫಾ-4 ಜತೆ, ಸೆರಿಬೆಲ್ಲಂನಲ್ಲಿ ಆಲ್ಫಾ-6 ಜತೆ. ಅಲ್ಲಿ ಬೆಂಜೋಡಯಾಜೆಪೈನ್‌ಗೆ ಜಾಗವೇ ಇಲ್ಲ. ಸೆಳೆತ ಮುಂದುವರಿದಂತೆ ಗಾಮಾ ಇರುವ ರಿಸೆಪ್ಟರ್‌ಗಳನ್ನು ಕೋಶ ಒಳಕ್ಕೆ ಎಳೆದುಕೊಳ್ಳುತ್ತದೆ, ಡೆಲ್ಟಾ ಇರುವವು ಮೇಲೆಯೇ ಉಳಿಯುತ್ತವೆ. ಇದು ಪ್ರಾಣಿಗಳ ಮೇಲಿನ ಕೆಲಸದಿಂದ ತಿಳಿದದ್ದು, ಆದರೆ ಹಾಸಿಗೆಯ ಪಕ್ಕ ನಾವು ನೋಡುವುದಕ್ಕೆ ಸರಿಯಾಗಿ ಕೂರುತ್ತದೆ.

ಹಾಗಾಗಿ ಮೊದಲ ಡೋಸ್ ಪೂರ್ತಿ ಹೋಗಬೇಕು, ತಕ್ಷಣ ಹೋಗಬೇಕು. ಐವಿ (ರಕ್ತನಾಳಕ್ಕೆ ಸೂಜಿ) ಸಿಕ್ಕಿದ್ದರೆ ಲೊರಾಜೆಪಾಂ ಕೆಜಿಗೆ 0.1 ಮಿಗ್ರಾಂ, ಒಂದು ಸಲಕ್ಕೆ 4 ಮಿಗ್ರಾಂ ಮೀರದಂತೆ. ನಿಲ್ಲದಿದ್ದರೆ 5 ನಿಮಿಷಕ್ಕೆ ಇನ್ನೊಂದೇ ಸಲ. ಲೊರಾಜೆಪಾಂ ಫ್ರಿಜ್‌ನಲ್ಲಿರಬೇಕು; ಚಿತ್ರದುರ್ಗದ ಬೇಸಿಗೆಯಲ್ಲಿ ಆಂಬುಲೆನ್ಸ್ ಡಬ್ಬಿಯಲ್ಲಿಟ್ಟ ಆಂಪೂಲ್ ನಂಬಬೇಡಿ. ಐವಿ ಹಾಕಲು ಒದ್ದಾಡುವುದಕ್ಕಿಂತ ತೊಡೆಗೆ ಮಿಡಜೋಲಾಂ ಚುಚ್ಚುವುದೇ ಲೇಸು: 40 ಕೆಜಿ ಮೇಲಿದ್ದರೆ 10 ಮಿಗ್ರಾಂ, 13ರಿಂದ 40 ಕೆಜಿಗೆ 5 ಮಿಗ್ರಾಂ, ಒಂದೇ ಸಲ. 2012ರ ರಾಂಪಾರ್ಟ್ ಅಧ್ಯಯನದಲ್ಲಿ ಆಸ್ಪತ್ರೆ ತಲುಪುವಷ್ಟರಲ್ಲಿ ಸೆಳೆತ ನಿಂತದ್ದು ಈ ಚುಚ್ಚುಮದ್ದಿನಲ್ಲಿ 73%, ಐವಿ ಲೊರಾಜೆಪಾಂನಲ್ಲಿ 63%.

ಇಲ್ಲೊಂದು ಸಣ್ಣ ವಿಷಯ ಎಲ್ಲ ಕೆಡಿಸುತ್ತದೆ. ಮಿಡಜೋಲಾಂ ಎರಡು ಸಾಂದ್ರತೆಯಲ್ಲಿ ಬರುತ್ತದೆ, ಮಿಲಿಗೆ 1 ಮಿಗ್ರಾಂ ಮತ್ತು ಮಿಲಿಗೆ 5 ಮಿಗ್ರಾಂ. ಮೊದಲನೆಯದರಲ್ಲಿ 10 ಮಿಗ್ರಾಂ ಎಂದರೆ 10 ಎಂಎಲ್, ಅದನ್ನು ಸ್ನಾಯುವಿಗೆ ಕೊಡಲಾಗದು. ಟ್ರೇಯಲ್ಲಿ ಅದೊಂದೇ ಇದ್ದರೆ ಡ್ಯೂಟಿಯವರು 2 ಎಂಎಲ್ ಕೊಟ್ಟು ‘ಮಿಡಜ್ ಆಯ್ತು’ ಎಂದು ಬರೆದಿರುತ್ತಾರೆ. ಆಗ ಹೋದದ್ದು 2 ಮಿಗ್ರಾಂ. ಫಿಟ್ಸ್ ಡಬ್ಬಿಯಲ್ಲಿ ಮಿಲಿಗೆ 5 ಮಿಗ್ರಾಂನದು ಮಾತ್ರ ಇಡಿ, ಮುಚ್ಚಳದ ಮೇಲೆ ‘ದೊಡ್ಡವರಿಗೆ 2 ಎಂಎಲ್’ ಎಂದು ಮಾರ್ಕರ್‌ನಲ್ಲಿ ಬರೆದಿಡಿ. ಉಸಿರು ನಿಂತೀತು ಎಂಬ ಹೆದರಿಕೆಗೆ ಡೋಸ್ ಕತ್ತರಿಸುವವರೇ ಹೆಚ್ಚು. ಆದರೆ 2001ರ ಅಧ್ಯಯನವೊಂದರಲ್ಲಿ ಉಸಿರಾಟ, ರಕ್ತಪರಿಚಲನೆಯ ತೊಂದರೆ ಲೊರಾಜೆಪಾಂ ಪಡೆದವರಲ್ಲಿ 10.6%, ಬರೀ ಪ್ಲಾಸಿಬೊ (ಔಷಧವಿಲ್ಲದ ಹುಸಿಮದ್ದು) ಪಡೆದವರಲ್ಲಿ 22.5%. ಉಸಿರು ಕೆಡಿಸುವುದು ನಿಲ್ಲದ ಸೆಳೆತವೇ. ಅಷ್ಟರಲ್ಲಿ ಬೆರಳು ಚುಚ್ಚಿ ಶುಗರ್ ನೋಡಿ. ಕುಡಿಯುವವರಾಗಿದ್ದರೆ ಥಯಮಿನ್ 100 ಮಿಗ್ರಾಂ.

ಬೆಂಜೋಡಯಾಜೆಪೈನ್ ಪೂರ್ತಿ ಹೋಗಿಯೂ ನಿಲ್ಲಲಿಲ್ಲವೋ, ಮತ್ತೆ ಮತ್ತೆ ಅದನ್ನೇ ಸುರಿಯಬೇಡಿ. ಅದು ಹಿಡಿಯಬೇಕಾದ ರಿಸೆಪ್ಟರ್‌ಗಳೇ ಮೇಲ್ಮೈಯಲ್ಲಿ ಕಡಿಮೆಯಾಗಿವೆ. ಬೇರೆ ದಾರಿಯ ಔಷಧಕ್ಕೆ ಹೋಗಿ: ಲೆವೆಟಿರಾಸೆಟಾಂ ಕೆಜಿಗೆ 60 ಮಿಗ್ರಾಂ (ಗರಿಷ್ಠ 4500), ವಾಲ್ಪ್ರೊಯೇಟ್ 40 (ಗರಿಷ್ಠ 3000), ಅಥವಾ ಫಾಸ್ಫೆನಿಟೋಯಿನ್ 20 (ಗರಿಷ್ಠ 1500). 2019ರ ಎಸೆಟ್ ಅಧ್ಯಯನದಲ್ಲಿ ಮೂರೂ ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳಲ್ಲಿ ಕೆಲಸ ಮಾಡಿದವು, ಒಂದಕ್ಕಿಂತ ಒಂದು ಮೇಲು ಅನ್ನುವಂತಿಲ್ಲ. ನಮ್ಮ ಕೈ ಮೊದಲು ಹೋಗುವುದು ಲೆವೆಟಿರಾಸೆಟಾಂ ಕಡೆ. 60 ಕೆಜಿಗೆ 3600 ಮಿಗ್ರಾಂ, ಅಂದರೆ 500 ಮಿಗ್ರಾಂ ವಯಲ್ ಎಂಟು ಒಡೆಯಬೇಕು. 100 ಎಂಎಲ್ ನಾರ್ಮಲ್ ಸಲೈನ್‌ಗೆ (ಎನ್‌ಎಸ್) ಹಾಕಿ 10 ನಿಮಿಷದಲ್ಲಿ ಮುಗಿಸಿ. ಎರಡು ವಯಲ್ ತಂದು ‘ಲೋಡಿಂಗ್ ಆಯ್ತು’ ಎನ್ನುವುದು ಲೋಡಿಂಗ್ (ಮೊದಲ ಪೂರ್ತಿ ಡೋಸ್) ಅಲ್ಲ.

ತಾಲ್ಲೂಕು ಮಟ್ಟದಲ್ಲಿ ಇರುವುದು ಹೆಚ್ಚಾಗಿ ಫೆನಿಟೋಯಿನ್. ಅದೇ 60 ಕೆಜಿಗೆ 1200 ಮಿಗ್ರಾಂ, 2 ಎಂಎಲ್‌ನ 12 ಆಂಪೂಲ್. ನಿಮಿಷಕ್ಕೆ 50 ಮಿಗ್ರಾಂ ಮೀರಬಾರದು, ಹಾಗಾಗಿ 24 ನಿಮಿಷವಾದರೂ ಬೇಕು. ಎನ್‌ಎಸ್‌ನಲ್ಲಿ ಮಾತ್ರ, ಡೆಕ್ಸ್‌ಟ್ರೋಸ್ ಹೋಗುತ್ತಿದ್ದ ಲೈನ್‌ಗೆ ಫ್ಲಶ್ ಮಾಡದೆ ಹಾಕಿದರೆ ಟ್ಯೂಬಿನಲ್ಲೇ ಬಿಳಿ ಹರಳು ಕಟ್ಟುತ್ತದೆ. ಕೈಯ ಸಣ್ಣ ರಕ್ತನಾಳದಿಂದ ಹೊರಚೆಲ್ಲಿದರೆ ಚರ್ಮ ನೇರಳೆಗಟ್ಟಿ ಊದಿಕೊಳ್ಳುತ್ತದೆ. ಮಾನಿಟರ್ ಇಲ್ಲದೆ ಶುರು ಮಾಡಬೇಡಿ. ಬಿಪಿ ಇಳಿದರೆ ವೇಗ ತಗ್ಗಿಸಿ.

ಕೈಕಾಲು ಸೆಳೆತ ನಿಂತಿತೆಂದು ಸಮಾಧಾನಪಡುವಂತಿಲ್ಲ. ಅರ್ಧ ಗಂಟೆಯಾದರೂ ಎಚ್ಚರದ ಸುಳಿವಿಲ್ಲ, ರೆಪ್ಪೆ ಅದುರುತ್ತಿದೆ, ಕಣ್ಣು ಒಂದೇ ಕಡೆ ತಿರುಗಿದೆ ಎಂದರೆ ಒಳಗೆ ಫಿಟ್ಸ್ ನಡೆದಿರಬಹುದು. ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಮಾಡಿಸಿ.

ಎರಡನೇ ಹಂತವೂ ಸೋತರೆ ಉಸಿರಿನ ಟ್ಯೂಬ್ ಹಾಕಿ ಐಸಿಯು. ಅರಿವಳಿಕೆ ಔಷಧಗಳಾದ ಪ್ರೊಪೊಫಾಲ್, ಥಯೋಪೆಂಟೋನ್ ಕೂರುವ ಜಾಗ ಬೇರೆ, ಗಾಮಾ ಬೇಕಿಲ್ಲ. ಸಿನಾಪ್ಸ್ ಹೊರಗೆ ಉಳಿದ ಡೆಲ್ಟಾ ರಿಸೆಪ್ಟರ್‌ಗಳನ್ನೂ ಅವು ಎಬ್ಬಿಸುತ್ತವೆ. ಪ್ರೊಪೊಫಾಲ್ ಅನ್ನು ಗಂಟೆಗೆ ಕೆಜಿಗೆ 4 ಮಿಗ್ರಾಂ ಮೀರಿ ಎರಡು ದಿನಕ್ಕಿಂತ ಹೆಚ್ಚು ಓಡಿಸಿದರೆ ಲ್ಯಾಕ್ಟೇಟ್ ಏರಿ ಹೃದಯ ಕೈಕೊಡುವ ಅಪಾಯವಿದೆ. ಇತ್ತ ಮೆದುಳನ್ನು ಕೆರಳಿಸುವ ಎನ್‌ಎಂಡಿಎ ರಿಸೆಪ್ಟರ್‌ಗಳು ಕೋಶದ ಮೇಲ್ಮೈಗೆ ಇನ್ನಷ್ಟು ಬಂದಿರುತ್ತವೆ. ಅವನ್ನು ತಡೆಯುವ ಕೆಟಮಿನ್‌ಗೆ ಕೆಲಸ ಸಿಗುವುದು ಅಲ್ಲಿ: 1–2 ಮಿಗ್ರಾಂ/ಕೆಜಿ ಬೋಲಸ್ (ಒಂದೇ ಸಲಕ್ಕೆ), ಆಮೇಲೆ ಗಂಟೆಗೆ 1–5 ಮಿಗ್ರಾಂ/ಕೆಜಿ. ಬಿಪಿಯನ್ನೂ ಅಷ್ಟಾಗಿ ಇಳಿಸುವುದಿಲ್ಲ. ಡೆಲ್ಟಾ ರಿಸೆಪ್ಟರ್‌ಗಳ ಮೇಲೂ ಜೋರಾಗಿ ಕೆಲಸ ಮಾಡುವ ಗನಾಕ್ಸೊಲೋನ್‌ಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಸಿಡಿಕೆಎಲ್5 ಎಂಬ ಅಪರೂಪದ ಕಾಯಿಲೆಗೆ. ಸ್ಟೇಟಸ್‌ನಲ್ಲಿ ಅದು ಸೆಳೆತವನ್ನು ಬೇಗ ನಿಲ್ಲಿಸಿತಾದರೂ ಅರಿವಳಿಕೆ ಇನ್‌ಫ್ಯೂಷನ್‌ಗೆ ಹೋಗುವುದನ್ನು ತಪ್ಪಿಸುವ ಗುರಿ ಮುಟ್ಟಲಿಲ್ಲ. ನಮ್ಮ ಕ್ರಮದಲ್ಲಿ ಅದಿಲ್ಲ.

ಸಿನಾಪ್ಸ್ ಹೊರಗಿನ ತಡೆ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದೂ ಅಲ್ಲ. ಥಲಾಮಸ್‌ನಲ್ಲಿ ಅದು ಅತಿಯಾದರೆ ಮಗು ನಡುನಡುವೆ ಕಣ್ಣು ನೆಟ್ಟು ನಿಂತುಬಿಡುವ ಆಬ್ಸೆನ್ಸ್ ಫಿಟ್ಸ್ ಜಾಸ್ತಿಯಾಗುತ್ತದೆ. ಗಾಬಾ ಮಟ್ಟ ಏರಿಸುವ ವಿಗಾಬಾಟ್ರಿನ್, ಟಯಾಗಬಿನ್ ಅಲ್ಲಿ ಕೂಡದು. ಹಳೇ ಚೀಟಿ ತರಿಸಿ ನೋಡಿ. ತಿಂಗಳ ಮುಟ್ಟಿನ ಹೊತ್ತಿಗೇ ಫಿಟ್ಸ್ ಬರುವ ಹೆಣ್ಣುಮಕ್ಕಳಲ್ಲಿ ಪ್ರೊಜೆಸ್ಟರೋನ್‌ನಿಂದ ಹುಟ್ಟುವ ನ್ಯೂರೋಸ್ಟೆರಾಯ್ಡ್ (ಗಾಬಾ ಬ್ರೇಕಿಗೆ ಬಲ ಕೊಡುವ ವಸ್ತು) ಆಗ ಕುಸಿದಿರುತ್ತದೆ. ಅವರಿಗೆ ಕ್ಯಾಲೆಂಡರ್‌ನಲ್ಲಿ ಮುಟ್ಟಿನ ದಿನಕ್ಕೊಂದು ಗುರುತು, ಫಿಟ್ಸ್ ಬಂದ ದಿನಕ್ಕೊಂದು ಗುರುತು ಹಾಕಲು ಹೇಳಿ ಮೂರು ತಿಂಗಳು ನೋಡುತ್ತೇವೆ. ಲೆಕ್ಕ ಕೂಡಿಬಂದರೆ ಆ ದಿನಗಳಿಗಷ್ಟೇ ಕ್ಲೊಬಜಾಂ ಸೇರಿಸುತ್ತೇವೆ, ದಿನನಿತ್ಯದ ಮಾತ್ರೆ ಹಾಗೇ ಮುಂದುವರಿಯುತ್ತದೆ.