14 ಕೋಲಿನಿಂದ 9ಕ್ಕೆ ಇಳಿದ ನನ್ನ ಗಾಲ್ಫ್

ಕಳೆದ ವರ್ಷ ಏಪ್ರಿಲ್‌ನ ಒಂದು ಶನಿವಾರ, ಮೊದಲ ಹೊಡೆತದ ಜಾಗವಾದ ಟೀ ಮೇಲೆ ನಿಂತು, ಅತಿ ದೂರ ಹೊಡೆಯುವ ಕೋಲಾದ ಡ್ರೈವರ್ ಬೀಸಿದೆ. ಚೆಂಡು 40 ಯಾರ್ಡ್ ಹೋಯಿತು. ಡ್ರೈವರಿನ ತಲೆ 60 ಯಾರ್ಡ್ ಹೋಯಿತು. ಕೈಯಲ್ಲಿ ಉಳಿದದ್ದು ಬರೀ ಕಡ್ಡಿ. ಹಿಂದೆ ಕಾಯುತ್ತಿದ್ದ ನಾಲ್ಕು ಜನ ನಗೋದಾ ಬೇಡವಾ ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಜೋರಾಗಿಯೇ ನಕ್ಕರು. ಆಟದಲ್ಲಿ ಜೊತೆಗಿದ್ದು ನೆರವಾಗುವ ನಮ್ಮ ಕ್ಯಾಡಿ ಅಣ್ಣ ಮಾತ್ರ ಗಂಭೀರವಾಗಿ ನಡೆದುಹೋಗಿ ಆ ತಲೆಯನ್ನು ಎತ್ತಿಕೊಂಡು ಬಂದು, "ಸಾರ್, ಇದು ಚೆಂಡಿಗಿಂತ ನೆಟ್ಟಗೆ ಹೋಗೈತೆ" ಅಂದರು.

ತಪ್ಪು ನನ್ನದೇ. ತಲೆಯನ್ನೂ ಶಾಫ್ಟ್ ಅನ್ನುವ ಆ ಕಡ್ಡಿಯನ್ನೂ ಹಿಡಿದಿಡುವುದು ಎಪಾಕ್ಸಿ ಅಂಟು. ನಾನು ಬ್ಯಾಗನ್ನು ತಿಂಗಳುಗಟ್ಟಲೆ ಕಾರಿನ ಡಿಕ್ಕಿಯಲ್ಲೇ ಬಿಟ್ಟಿದ್ದೆ. ಆಫೀಸಿನ ಹೊರಗೆ ಬೇಸಿಗೆಯ ಬಿಸಿಲಲ್ಲಿ ದಿನವಿಡೀ ನಿಂತ ಕಾರು ಅಂದರೆ ಒಂದು ಒಲೆ ಅಲ್ವಾ. ಅಷ್ಟು ಬಿಸಿಗೆ ಅಂಟು ಸಡಿಲವಾಗುತ್ತದೆ ಅಂತ ರಿಪೇರಿ ಮಾಡುವವರು ಹೇಳಿದಾಗಲೇ ನನಗೆ ಗೊತ್ತಾದದ್ದು. ಈಗ ಬ್ಯಾಗು ಮನೆಯೊಳಗೆ, ಶೂ ಸ್ಟ್ಯಾಂಡ್ ಪಕ್ಕದಲ್ಲಿ ಇರುತ್ತದೆ.

ನಾನು ಆಡುವುದು ಮೈಸೂರಿನಲ್ಲಿ, ಚಾಮುಂಡಿ ಬೆಟ್ಟದ ಬುಡದ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನಲ್ಲಿ. ಪಕ್ಕದಲ್ಲೇ ರೇಸ್ ಕೋರ್ಸ್. ಆಟ ಶುರು ಮಾಡಿದ್ದು 41ನೇ ವಯಸ್ಸಿನಲ್ಲಿ, ಅದಕ್ಕೆ ಮೊದಲು ಆಡಿದ್ದು ಚಿನ್ನಿದಾಂಡು ಮತ್ತು ಗಲ್ಲಿ ಕ್ರಿಕೆಟ್ ಅಷ್ಟೇ. ಹ್ಯಾಂಡಿಕ್ಯಾಪ್ (ನುರಿತ ಆಟಗಾರನಿಗಿಂತ ಸುಮಾರು ಎಷ್ಟು ಹೊಡೆತ ಹೆಚ್ಚು ಬೇಕು ಅನ್ನುವ ಲೆಕ್ಕ, ಕಮ್ಮಿಯಾದಷ್ಟೂ ಒಳ್ಳೆಯದು) 27ರಿಂದ 20ಕ್ಕೆ ಬಂದಿದೆ. ಅಂದರೆ ನಾನು ದೊಡ್ಡ ಆಟಗಾರನೇನಲ್ಲ. ಆದರೆ ದುಡ್ಡು ಹಾಳು ಮಾಡಿದ ಅನುಭವ ಸಾಕಷ್ಟಿದೆ, ಅದನ್ನು ಹಂಚಿಕೊಳ್ಳಬಹುದು.

ನಿಯಮದ ಪ್ರಕಾರ ಬ್ಯಾಗಿನಲ್ಲಿ 14 ಕ್ಲಬ್‌ಗಿಂತ, ಅಂದರೆ ಚೆಂಡು ಹೊಡೆಯುವ ಕೋಲಿಗಿಂತ, ಹೆಚ್ಚು ಇರಬಾರದು. ನಾನು ಅದನ್ನು 14 ಇರಲೇಬೇಕು ಅಂತ ಓದಿಕೊಂಡೆ. ಮೊದಲು ನಿವೃತ್ತರೊಬ್ಬರಿಂದ ಹಳೆಯ ಸೆಟ್ ಒಂದನ್ನು ಕೊಂಡೆ, ಆಮೇಲೆ ಆ ಸೆಟ್‌ನಲ್ಲಿ ಏನಿಲ್ಲವೋ ಅದನ್ನೆಲ್ಲ ಒಂದೊಂದಾಗಿ ತಂದೆ. ಮನೆಯಲ್ಲಿ ಅವುಗಳ ಹೆಸರು ಕೋಲು. "ಏನ್ರೀ, ಇನ್ನೊಂದು ಕೋಲು ತಂದ್ರಾ? ಹೋದ ತಿಂಗಳು ತಂದದ್ದು ಮುರಿದೋಯ್ತಾ?" ಅಂತ ಹೆಂಡತಿ ಕೇಳಿದರೆ, ಅದು ಬೇರೆ ಡಿಗ್ರಿ ಕಣೇ ಅನ್ನುತ್ತಿದ್ದೆ. ಡಿಗ್ರಿ ಅಂದರೆ ಅವಳಿಗೆ ಬಿ.ಎ., ಬಿ.ಎಸ್ಸಿ.

ಡಿಗ್ರಿ ವಿಷಯ ಬಂತಲ್ಲ, ಒಂದು ಮಾತು. ನನ್ನ ಗೆಳೆಯನ ಹೊಸ ಸೆಟ್‌ನ 7 ಐರನ್ (ಲೋಹದ ತಲೆಯ ಕ್ಲಬ್, ನಂಬರ್ ಹೆಚ್ಚಿದಷ್ಟೂ ಚೆಂಡು ಹೋಗುವ ದೂರ ಕಮ್ಮಿ) 150 ಯಾರ್ಡ್ ಹೋಗುತ್ತದೆ. ನನ್ನದು 130. ಒಂದು ವರ್ಷ ನಾನು ಇದಕ್ಕೇ ಕೊರಗಿದೆ. ಜಿಮ್‌ಗೂ ಸೇರಿದೆ. ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ನನ್ನ ಹಳೆಯ 7ರ ಲಾಫ್ಟ್, ಅಂದರೆ ಮುಖದ ಓರೆ, 35 ಡಿಗ್ರಿ, ಅವನದು 29. ಅಂದರೆ ಅವನ 7 ನನ್ನ ಸೆಟ್‌ನಲ್ಲಿ ಹೆಚ್ಚುಕಡಿಮೆ 5. ಈಚಿನ ಸೆಟ್‌ಗಳಲ್ಲಿ ಲಾಫ್ಟ್ ಕಡಿಮೆ ಮಾಡಿ ಮೇಲೆ ಅದೇ ಹಳೆಯ ನಂಬರ್ ಬರೆಯುವುದು ಮಾಮೂಲು. ಹತ್ತಿರದ ಹೊಡೆತಕ್ಕೆ ಬಳಸುವ ಪಿಚಿಂಗ್ ವೆಡ್ಜ್ ಕೂಡ ಹಾಗೇ, ಮೊದಲು 48 ಇದ್ದದ್ದು ಈಗ 44–45. ಆದ್ದರಿಂದ ಕ್ಲಬ್ ಮೇಲಿನ ನಂಬರ್ ನೋಡಿ ಯಾರೊಂದಿಗೂ ಪೈಪೋಟಿಗೆ ಇಳಿಯಬೇಡಿ. ಜಿಮ್ ಫೀಸ್ ಹೋದದ್ದು ಹೋಯಿತು.

ತಲೆ ಹಾರಿಸಿಕೊಂಡ ಆ ಡ್ರೈವರ್ 9 ಡಿಗ್ರಿಯದ್ದು, ಶಾಫ್ಟ್ ಸ್ಟಿಫ್, ಬಾಗುವುದು ಕಮ್ಮಿ. ಜೋರಾಗಿ ಬೀಸುವ ಹುಡುಗರಿಗೆ ಸರಿ. ನನ್ನಂಥವರು ಹೊಡೆದರೆ ಚೆಂಡು ಮೇಲೇಳುವುದಿಲ್ಲ, ಎದ್ದರೂ ಬಾಳೆಹಣ್ಣಿನ ಹಾಗೆ ಬಲಕ್ಕೆ ಬಾಗಿ ಮರದೊಳಗೆ ಹೋಗುತ್ತದೆ. ಹೀಗೆ ಬಲಕ್ಕೆ ಬಾಗುವ ಸ್ಲೈಸ್‌ಗೆ ಮೂಲ ಕಾರಣ ಕ್ಲಬ್ಬಿನ ಮುಖ ಬೀಸಿನ ದಾರಿಗಿಂತ ತೆರೆದುಕೊಂಡಿರುವುದು, ಅದನ್ನು ಯಾವ ಡ್ರೈವರೂ ವಾಸಿ ಮಾಡಲ್ಲ. ಆದರೆ ಲಾಫ್ಟ್ ಜಾಸ್ತಿ ಇದ್ದಷ್ಟೂ ಆ ಬಾಗು ಕಡಿಮೆ ಕಾಣಿಸುತ್ತದೆ. ಈಗಿನದು 12 ಡಿಗ್ರಿ, ರೆಗ್ಯುಲರ್ ಶಾಫ್ಟ್. ದೂರ ಏನೂ ಕಮ್ಮಿಯಾಗಿಲ್ಲ, ಚೆಂಡು ಹುಡುಕುವುದು ಕಮ್ಮಿಯಾಗಿದೆ.

ಇಷ್ಟೆಲ್ಲ ಆದಮೇಲೂ ಸ್ಕೋರ್ ಅಲ್ಲಾಡಲಿಲ್ಲ. ಆಗ ಮಗಳ ಹಳೆಯ ನೋಟ್‌ಬುಕ್ ಒಂದನ್ನು ಬ್ಯಾಗಿಗೆ ಹಾಕಿಕೊಂಡು, ಪ್ರತಿ ಹೋಲ್‌ನಲ್ಲೂ (ಟೀಯಿಂದ ಕುಳಿವರೆಗಿನ ಆಟದಲ್ಲಿ) ಹೊಡೆತ ಎಲ್ಲಿ ಹಾಳಾಯಿತು ಅಂತ ಬರೆಯತೊಡಗಿದೆ. 20 ರೌಂಡ್ (ಒಂದು ರೌಂಡ್ ಅಂದರೆ 18 ಹೋಲ್) ಬರೆದು ನೋಡಿದೆ. ಸರಾಸರಿ ಸ್ಕೋರ್, ಅಂದರೆ ಒಟ್ಟು ಹೊಡೆತ, 101. ಅದರಲ್ಲಿ ಪಟ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಗ್ರೀನ್ ಮೇಲೆ ಪಟರ್ ಅನ್ನುವ ಕೋಲಿನಿಂದ ಉರುಳಿಸುವ ಹೊಡೆತ, 39. ಗ್ರೀನ್‌ಗೆ 50 ಯಾರ್ಡ್ ಇರುವಾಗಿನಿಂದ ಪಟರ್ ಕೈಗೆ ತೆಗೆದುಕೊಳ್ಳುವವರೆಗಿನ ಹೊಡೆತ 29. ಒಟ್ಟು 68! ಅಂದರೆ ಮೂರರಲ್ಲಿ ಎರಡು ಹೊಡೆತ ಗ್ರೀನ್‌ನ ಆಸುಪಾಸಿನಲ್ಲೇ. ನಾನು ದುಡ್ಡು ಸುರಿದದ್ದೆಲ್ಲ ಉಳಿದ ಒಂದು ಭಾಗಕ್ಕೆ.

ಅಲ್ಲಿ ನಾನು ನೆಚ್ಚಿಕೊಂಡದ್ದು ಒಂದು 60 ಡಿಗ್ರಿ ವೆಡ್ಜ್. ಟಿವಿಯಲ್ಲಿ ನೋಡಿ ಕೊಂಡದ್ದು. ಅವರು ಹೊಡೆದರೆ ಚೆಂಡು ಆಕಾಶಕ್ಕೆ ಹೋಗಿ ಪಿನ್ (ಕುಳಿಯ ಬಾವುಟ) ಪಕ್ಕ ಕೂತುಬಿಡುತ್ತದೆ, ನಾನು ಹೊಡೆದರೆ ಒಂದೋ ಎರಡು ಅಡಿ ಹೋಗುತ್ತದೆ, ಇಲ್ಲವೇ ಗ್ರೀನ್ ದಾಟಿ ಆಚೆ ಬಂಕರ್ ಅನ್ನುವ ಮರಳುಗುಂಡಿಗೆ. ಯಾಕೆ ಹೀಗೆ ಅಂತ ಯೋಚಿಸಿದ್ದೇ ಇಲ್ಲ. ಒಂದು ದಿನ ಕ್ಯಾಡಿ ಅಣ್ಣನೇ ಅದನ್ನು ಕೈಯಿಂದ ಕಿತ್ತುಕೊಂಡರು. "ಅದು ಬ್ಯಾಡ ಸಾರ್, ಎಂಟು ತಗೊಳಿ. ಪಟ್ ಮಾಡ್ದಂಗೆ ತಳ್ಳಿ. ನೆಲ ಒಣಗೈತೆ, ಅದೇ ಓಡ್ತದೆ." ಫೆಬ್ರವರಿ ಕೊನೆ. ಹುಲ್ಲು ತೆಳ್ಳಗೆ, ಕೆಂಪು ಮಣ್ಣು ಗಟ್ಟಿಯಾಗಿ ಚಪ್ಪಡಿ ಹಾಗೆ. 8 ಐರನ್‌ನಲ್ಲಿ ಸುಮ್ನೆ ತಳ್ಳಿದೆ. ಚೆಂಡು ಮೂರು ಅಡಿ ಹಾರಿ, ಇಳಿದು, ಉರುಳುತ್ತಾ ಹೋಗಿ ಕುಳಿಗೆ ಮಾರುದ್ದದಲ್ಲಿ ನಿಂತಿತು.

ಆಮೇಲೆ ಕೂತು ಓದಿದೆ. ವೆಡ್ಜನ್ನು ತಲೆಕೆಳಗು ಮಾಡಿ ಅದರ ತಳ ನೋಡಿ. ಮುಂದಿನ ಅಂಚಿಗಿಂತ ಹಿಂದಿನ ಭಾಗ ಸ್ವಲ್ಪ ಕೆಳಗೆ ಉಬ್ಬಿರುತ್ತದೆ. ಅದಕ್ಕೇ ಬೌನ್ಸ್ ಅನ್ನುವುದು, ಅದನ್ನೂ ಡಿಗ್ರಿಯಲ್ಲೇ ಅಳೆಯುತ್ತಾರೆ. ಬೌನ್ಸ್ 4–6 ಇದ್ದರೆ ಅಂಚು ಗುದ್ದಲಿ ಇದ್ದ ಹಾಗೆ, ಮೆತ್ತನೆ ನೆಲದಲ್ಲಿ ಹೂತುಹೋಗುತ್ತದೆ. 12–14 ಇದ್ದರೆ ದೋಣಿಯ ತಳದ ಹಾಗೆ, ಮರಳಿನಲ್ಲೂ ಒದ್ದೆ ಮಣ್ಣಿನಲ್ಲೂ ಹೂಳದೆ ಜಾರಿಕೊಂಡು ಹೋಗುತ್ತದೆ, ಆದರೆ ಗಟ್ಟಿ ನೆಲಕ್ಕೆ ಬಡಿದು ಪುಟಿದು ಚೆಂಡಿನ ಹೊಟ್ಟೆಗೆ ಹೊಡೆಯುತ್ತದೆ. ನನ್ನ 60ರ ಬೌನ್ಸ್ 4. ಅದನ್ನು ನಾನು ಮಳೆಗಾಲದ ಕೆಸರಿನಲ್ಲಿ ಬಳಸುತ್ತಿದ್ದೆ. ಬೌನ್ಸ್ 14 ಇದ್ದ 56 ಡಿಗ್ರಿಯ ಸ್ಯಾಂಡ್ ವೆಡ್ಜನ್ನು ಬೇಸಿಗೆಯಲ್ಲಿ. ಇದಕ್ಕಿಂತ ಉಲ್ಟಾ ಮಾಡಲು ಸಾಧ್ಯವೇ ಇರಲಿಲ್ಲ!

ಈಗ ನನ್ನ ಲೆಕ್ಕ ಋತುವಿನ ಮೇಲೆ. ಜನವರಿಯಿಂದ ಮುಂಗಾರು ಹಿಡಿಯುವವರೆಗೆ ಗ್ರೀನ್ ಪಕ್ಕ 8 ಐರನ್ ಅಥವಾ ಪಿಚಿಂಗ್ ವೆಡ್ಜ್, ಚೆಂಡನ್ನು ಆದಷ್ಟು ನೆಲದ ಮೇಲೆಯೇ ಓಡಿಸುವುದು. ಎಷ್ಟೋ ಸಲ ಗ್ರೀನ್ ಹೊರಗಿನಿಂದಲೇ ಪಟರ್. ಮಳೆ ಬಿದ್ದು ಹುಲ್ಲು ಕೊಬ್ಬಿದ ಮೇಲೆ ಓಡಿಸುವ ಆಟ ನಡೆಯಲ್ಲ, ಇಳಿದ ಚೆಂಡು ಇಳಿದಲ್ಲೇ ಕೂರುತ್ತದೆ, ಆಗ ಸ್ಯಾಂಡ್ ವೆಡ್ಜ್. 60 ಅಟ್ಟ ಸೇರಿತು. ಅದರ ಹಿಂದೆಯೇ 3 ವುಡ್ (ಡ್ರೈವರಿಗಿಂತ ಚಿಕ್ಕ ತಲೆಯ ಕ್ಲಬ್), 3, 4, 6 ಐರನ್‌ಗಳೂ ಹೋದವು. ಮೊನ್ನೆ ಅಮ್ಮ ಹಿತ್ತಲಿನ ಸೀಬೆಹಣ್ಣು ಕೆಡವಲು 3 ಐರನ್ ಇಳಿಸಿಕೊಂಡರು, ಸೊಗಸಾಗಿ ಕೆಲಸ ಮಾಡಿತಂತೆ. ನನ್ನ ಕೈಯಲ್ಲಿ ಯಾವತ್ತೂ ಅಷ್ಟು ಚೆನ್ನಾಗಿ ನಡೆದಿರಲಿಲ್ಲ.

ಉಳಿದ 9 ಇವು: ಡ್ರೈವರ್, 5 ವುಡ್, 5 ಹೈಬ್ರಿಡ್ (ವುಡ್‌ಗೂ ಐರನ್‌ಗೂ ನಡುವಿನದು), 7, 8, 9 ಐರನ್, ಪಿಚಿಂಗ್ ವೆಡ್ಜ್, ಸ್ಯಾಂಡ್ ವೆಡ್ಜ್, ಪಟರ್. ನಡುವೆ ದೂರದ ಅಂತರ ಇದೆ, ಒಪ್ಪುತ್ತೇನೆ. 145 ಯಾರ್ಡ್ ಬಂದರೆ ಹೈಬ್ರಿಡ್ಡನ್ನು ಗಿಡ್ಡಗೆ ಹಿಡಿದು ಮೆಲ್ಲಗೆ ಬೀಸುತ್ತೇನೆ. ನಡೆದೇ ಆಡುವವನಿಗೆ ಹಗುರ ಬ್ಯಾಗಿನ ಬೆಲೆ 14ನೇ ಹೋಲ್ ಹೊತ್ತಿಗೆ ಗೊತ್ತಾಗುತ್ತದೆ.

ಚೆಂಡಿನ ಬಗ್ಗೆ ಜಾಸ್ತಿ ಹೇಳಲ್ಲ. ಯುರೆಥೇನ್ ಹೊದಿಕೆಯ ದುಬಾರಿ ಚೆಂಡು ಗ್ರೀನ್ ಬಳಿ ಚೆನ್ನಾಗಿ ನಿಲ್ಲುತ್ತದೆ, ನಿಜ. ಆದರೆ ನಾನು ಚೆಂಡನ್ನು ನಿಲ್ಲಿಸುವವನಲ್ಲ, ಉರುಳಿಸುವವನು. ಕೆರೆಗೆ ಹೋದ ಚೆಂಡಿನ ದುಃಖ ಅದರ ಬೆಲೆಯಷ್ಟೇ ಇರುತ್ತದೆ. ಎರಡು ಪದರದ ಅಗ್ಗದ ಚೆಂಡು ಸಾಕು, ಆದರೆ ಎಲ್ಲವೂ ಒಂದೇ ಜಾತಿಯವು ಇರಲಿ. ಕೆರೆಯಿಂದ ತೆಗೆದು ಮಾರುವ ಚೆಂಡು ಅಭ್ಯಾಸಕ್ಕೆ ಮಾತ್ರ, ತುಂಬ ದಿನ ನೀರಲ್ಲಿದ್ದದ್ದು ದೂರ ಹೋಗಲ್ಲ.

ಮಳೆಗಾಲಕ್ಕೆ ಬ್ಯಾಗಿನಲ್ಲಿ ಎರಡು ಗ್ಲೌಸ್, ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿದ ಒಂದು ಒಣ ಟವೆಲ್. ಕ್ಲಬ್ಬಿನ ಮುಖ ಒದ್ದೆಯಾಗಿದ್ದರೆ ಚೆಂಡಿಗೆ ಸ್ಪಿನ್ ಸಿಗಲ್ಲ, ಇಳಿದಮೇಲೆ ಎಲ್ಲಿ ನಿಲ್ಲುತ್ತದೋ ಹೇಳಕ್ಕಾಗಲ್ಲ. ಅದಕ್ಕೇ ಪ್ರತಿ ಹೊಡೆತಕ್ಕೂ ಮೊದಲು ಒರೆಸುತ್ತೇನೆ. ನಿಯಮಗಳಲ್ಲೂ ಮಳೆಗಾಲಕ್ಕೆ ಕರುಣೆ ಇದೆ, ಆದರೆ ನಮ್ಮಲ್ಲಿ ಎಷ್ಟೋ ಜನ ಬಳಸುವುದೇ ಇಲ್ಲ. ಚೆಂಡು ಬಿದ್ದ ರಭಸಕ್ಕೆ ತಾನೇ ಮಾಡಿದ ಗುಳಿಯಲ್ಲಿ ಹೂತಿದ್ದರೆ, ಬಂಕರ್ ಅಥವಾ ಪೆನಾಲ್ಟಿ ಏರಿಯಾ (ಕೆರೆಯಂಥ ಜಾಗ) ಅಲ್ಲದಿದ್ದರೆ, ದಂಡವಿಲ್ಲದೆ ಎತ್ತಿ ಒರೆಸಿ ಡ್ರಾಪ್ ಮಾಡಬಹುದು, ಅಂದರೆ ಕೈಯಿಂದ ಕೆಳಗೆ ಬಿಡಬಹುದು. 2019ರಿಂದ ಡ್ರಾಪ್ ಮಾಡುವುದು ಮಂಡಿ ಎತ್ತರದಿಂದ, ಹಳಬರು ಇನ್ನೂ ಭುಜದಿಂದಲೇ ಬಿಡುತ್ತಾರೆ. ಫೇರ್‌ವೇಯಲ್ಲಿ (ಟೀಗೂ ಗ್ರೀನ್‌ಗೂ ನಡುವಿನ ಕತ್ತರಿಸಿದ ಹುಲ್ಲಿನಲ್ಲಿ) ಬರೀ ಕೆಸರು ಮೆತ್ತಿದೆ ಅಂತ ಮಾತ್ರ ಒರೆಸುವ ಹಾಗಿಲ್ಲ, ಆ ದಿನಕ್ಕೆ ಕ್ಲಬ್ ಲೋಕಲ್ ರೂಲ್ ಹಾಕಿದ್ದರೆ ಸರಿ. ಇಲ್ಲದಿದ್ದರೆ, ಕೆಸರು ಬಲಗಡೆ ಇದ್ದರೆ ಚೆಂಡು ಎಡಕ್ಕೆ ಎಳೆಯುತ್ತದೆ ಅಂದುಕೊಂಡು ಗುರಿ ಹಿಡಿಯುವುದು.

ಗ್ರೀನ್ ಓದುವುದು ಇನ್ನೊಂದು ವಿದ್ಯೆ, ಅದರಲ್ಲಿ ನಾನು ಇನ್ನೂ ಒಂದನೇ ಕ್ಲಾಸು. ನಮ್ಮ ಕಡೆ ಬರ್ಮುಡಾ ಜಾತಿಯ ಹುಲ್ಲು ಜಾಸ್ತಿ, ಅದು ನೇರ ನಿಲ್ಲದೆ ಒಂದು ಕಡೆಗೆ ಮಲಗಿ ಬೆಳೆಯುತ್ತದೆ. ಹುಲ್ಲು ಮಿರಮಿರ ಹೊಳೆದರೆ ಅದು ನಮ್ಮಿಂದ ಆಚೆಗೆ ಮಲಗಿದೆ, ಪಟ್ ಜೋರಾಗಿ ಓಡುತ್ತದೆ. ಮಂಕಾಗಿ ಕಪ್ಪಗೆ ಕಂಡರೆ ನಮ್ಮ ಕಡೆಗೆ ಮಲಗಿದೆ, ಗಟ್ಟಿಯಾಗಿ ತಳ್ಳಬೇಕು. ಬೆಳಗ್ಗೆ ಆರೂವರೆಗೆ ಹೋದರೆ ಇಬ್ಬನಿ, ಚೆಂಡು ಹೋದ ದಾರಿ ಗೆರೆ ಎಳೆದ ಹಾಗೆ ಕಾಣುತ್ತದೆ. ಮೊದಲ ನಾಲ್ಕು ಹೋಲ್‌ಗಳಲ್ಲಿ ಎಲ್ಲ ಪಟ್ಟೂ ಕಮ್ಮಿ ಬೀಳುತ್ತದೆ, ಒಂಬತ್ತರ ಹೊತ್ತಿಗೆ ಬಿಸಿಲು ಬಂದು ಎಲ್ಲ ಪಟ್ಟೂ ಜಾಸ್ತಿ ಹೋಗುತ್ತದೆ. ಕ್ಯಾಡಿ ಅಣ್ಣ ಮಾತ್ರ ಯಾವ ಹೊತ್ತಿನಲ್ಲೂ ಒಂದೇ ಮಂತ್ರ: "ಬೆಟ್ಟ ತಳ್ತದೆ ಸಾರ್." ಚಾಮುಂಡಿ ಕಡೆಯಿಂದ ಆಚೆಗೆ ತಿರುಗುತ್ತದೆ ಅಂತ. ನಾನು ನಂಬದೆ ಆಡಿದಾಗೆಲ್ಲ ಅವರು ಏನೂ ಮಾತಾಡದೆ ಬಾವುಟ ಹಿಡಿದು ಬೇರೆ ಕಡೆ ನೋಡುತ್ತಾರೆ.

ಹೋದ ಡಿಸೆಂಬರ್‌ನಲ್ಲಿ ಊಟಿಗೆ ಹೋಗಿ ಆಡಿದೆವು. ಮೈಸೂರು ಸಮುದ್ರ ಮಟ್ಟದಿಂದ 770 ಮೀಟರ್ ಆಸುಪಾಸು, ಊಟಿ 2,200ಕ್ಕೂ ಮೇಲೆ. ಗಾಳಿ ತೆಳು, ಚೆಂಡು ದೂರ ಹೋಗುತ್ತದೆ. ನನ್ನ 130 ಯಾರ್ಡ್‌ನ 7 ಐರನ್ ಗ್ರೀನ್ ಮೇಲಿಂದಲೇ ಹಾರಿ ಮುಳ್ಳುಪೊದೆಗೆ ಹೋಯಿತು. ಕೈ ಹಾಕಿ ಹುಡುಕಿದೆ, ಅಂಗೈ ತುಂಬ ಮುಳ್ಳು. ಆಮೇಲೆ ಬೆಳಗಿನ ಚಳಿಯಲ್ಲಿ ಮೈಯೇ ತಿರುಗದೆ ಅದೇ ಕ್ಲಬ್ 115 ಹೋಯಿತು. ಆವತ್ತು ಯಾವ ಲೆಕ್ಕವೂ ಹಿಡಿಯಲಿಲ್ಲ, ಬಜ್ಜಿ ಚೆನ್ನಾಗಿತ್ತು.

ಭಾನುವಾರದ ನಮ್ಮ ನಾಲ್ವರ ಗುಂಪಿನಲ್ಲಿ ಬಹಳ ದಿನ ಧಾರಾಳ ಇತ್ತು. ನಾಲ್ಕಡಿ ಪಟ್ ಕೂಡ "ಬಿಡಪ್ಪಾ, ಎತ್ಕೋ." ಮೊದಲ ಟೀಯಲ್ಲಿ ಇನ್ನೊಂದು ಚಾನ್ಸ್. ಹಾಗೆ ಬಂದ 92ನ್ನು ನಾನು ಹೆಮ್ಮೆಯಿಂದ ಮನೆಯಲ್ಲಿ ಹೇಳಿಕೊಂಡದ್ದೂ ಉಂಟು. ನೋಟ್‌ಬುಕ್ ಶುರುವಾದ ಮೇಲೆ ನಾನು ಎಲ್ಲವನ್ನೂ ಕುಳಿಗೆ ಹಾಕಿಯೇ ಎತ್ತುತ್ತೇನೆ, ಮೊದಮೊದಲು ಗೆಳೆಯರಿಗೆ ಕಿರಿಕಿರಿ ಆಯಿತು, ಈಗ ಅವರೂ ಹಾಗೇ. 2020ರಲ್ಲಿ ಬಂದ ವರ್ಲ್ಡ್ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಕೊನೆಯ 20 ಸ್ಕೋರ್‌ಗಳಲ್ಲಿ ಒಳ್ಳೆಯ 8 ಮಾತ್ರ ಲೆಕ್ಕಕ್ಕೆ, ಆದ್ದರಿಂದ ಕೆಟ್ಟ ದಿನದ ಸ್ಕೋರ್ ಬರೆದರೆ ಹೆಚ್ಚೇನೂ ನಷ್ಟವಿಲ್ಲ. ಕಳೆದ ಚೆಂಡು ಹುಡುಕಲು ಈಗ 3 ನಿಮಿಷ ಅಷ್ಟೇ, ಮೊದಲಿನ 5 ಅಲ್ಲ. ಅನುಮಾನ ಬಂದ ಕೂಡಲೇ ಪ್ರಾವಿಷನಲ್, ಅಂದರೆ ಮೊದಲಿನದು ಸಿಗದಿದ್ದರೆ ಇರಲಿ ಅನ್ನುವ ಬದಲಿ ಚೆಂಡು, ಹೊಡೆದುಬಿಡುತ್ತೇನೆ, ಹಿಂದಿನವರ ಶಾಪ ತಪ್ಪುತ್ತದೆ.

ಕಳೆದ 20 ರೌಂಡ್‌ಗಳ ಸರಾಸರಿ 94. ಪಟ್ 36, ಇನ್ನೂ ಜಾಸ್ತಿಯೇ.

ಗ್ರಿಪ್‌ಗಳು ಬೆವರಿಗೆ ನುಣ್ಣಗಾಗಿವೆ. ಮಳೆಗೆ ಮೊದಲು ಬದಲಿಸಬೇಕು, ವರ್ಷಕ್ಕೊಮ್ಮೆ ಮಾಡುವ ಕೆಲಸ. ಮೊನ್ನೆ ಅದಕ್ಕೇ ಅಂಗಡಿಗೆ ಹೋಗಿದ್ದೆ. 9 ಗ್ರಿಪ್‌ಗೆ ಹೇಳಿ, ಅಡ್ವಾನ್ಸ್ ಕೊಟ್ಟು, ಹೊರಡುವ ಮುಂಚೆ ಗೋಡೆಗೆ ಒರಗಿಸಿದ್ದ ಹೊಸ ಡ್ರೈವರ್ ಒಂದನ್ನು ಕೈಗೆತ್ತಿಕೊಂಡೆ. ಸುಮ್ನೆ ನೋಡೋಣ ಅಂತ. ಹತ್ತು ನಿಮಿಷ ಬೀಸುತ್ತಾ ನಿಂತಿದ್ದೆ ಅಂತ ಕಾಣುತ್ತೆ, ಯಾಕೆಂದರೆ ಹೊರಗೆ ಸ್ಕೂಟರ್ ಮೇಲೆ ಕಾಯುತ್ತಿದ್ದ ಹೆಂಡತಿ ಒಳಗೇ ಬಂದುಬಿಟ್ಟಳು.