ಚಾರ್ಡ್ ದಂಟನ್ನು ಕಸಕ್ಕೆ ಹಾಕುವವರಿಗೆ

ಬಣ್ಣ ಬಣ್ಣದ ಚಾರ್ಡ್ ಸೊಪ್ಪನ್ನು ಬೆಳೆಸುತ್ತಾರೆ, ಫೋಟೋ ತೆಗೆದು ಎಲ್ಲರಿಗೂ ಕಳುಹಿಸುತ್ತಾರೆ, ಕೊನೆಗೆ ಬಣ್ಣವಿರುವ ದಂಟನ್ನೇ ಕತ್ತರಿಸಿ ಕಸದ ಬುಟ್ಟಿಗೆ ಹಾಕುತ್ತಾರೆ. ನನ್ನ ಸೊಸೆಯೂ ಹೀಗೆ ಮಾಡಿದ್ದನ್ನು ಕಣ್ಣಾರೆ ಕಂಡ ಮೇಲೆ ಸುಮ್ಮನಿರಲು ಆಗಲಿಲ್ಲ.

ಬಿತ್ತುವುದು ದೊಡ್ಡ ವಿದ್ಯೆಯೇನಲ್ಲ. ಇದು ಬೀಟ್‌ರೂಟಿನ ಒಡಹುಟ್ಟು. ಬೀಜವೆಂದು ಕೊಡುವುದು ಒಂದು ಒರಟು ಗಂಟು. ಒಳಗೆ ಎರಡು ಮೂರು ಬೀಜಗಳಿರುತ್ತವೆ. ರಾತ್ರಿ ನೆನೆಹಾಕಿ ಬೆಳಿಗ್ಗೆ ಬಿತ್ತಿ. ಗುಂಪಾಗಿ ಮೊಳೆತಾಗ ಗಟ್ಟಿಯಾದ ಒಂದನ್ನು ಉಳಿಸಿ ಮಿಕ್ಕವನ್ನು ಕತ್ತರಿಯಿಂದ ತೆಗೆಯಿರಿ. ಕಿತ್ತರೆ ಉಳಿಯಬೇಕಾದದ್ದರ ಬೇರೂ ಅಲುಗುತ್ತದೆ. ಗಿಡದಿಂದ ಗಿಡಕ್ಕೆ ಒಂದು ಗೇಣು ಬಿಡಿ. ಕೊಯ್ಯುವಾಗ ಹೊರಗಿನ ಎಲೆ ಮಾತ್ರ, ನಡುವಿನ ಸುಳಿಯನ್ನು ಮುಟ್ಟಬೇಡಿ. ಮೊದಲ ವರ್ಷ ನಾನೂ ಅವಸರಕ್ಕೆ ಬಿದ್ದು ಬುಡಸಮೇತ ಕಿತ್ತಿದ್ದೆ. ಬರಿದಾದ ಮಡಿಯನ್ನು ನಮ್ಮ ಅತ್ತೆ ಮಾತಿಲ್ಲದೆ ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಇನ್ನು ದಂಟಿನ ವಿಷಯ. ಎಲೆಯ ಬೆನ್ನು ಹೊರಗೆ ಬರುವಂತೆ ನಡುನರದ ಗುಂಟ ಮಡಚಿ. ಎಡಗೈಯಲ್ಲಿ ಎಲೆ ಹಿಡಿದು, ಬಲಗೈಯಲ್ಲಿ ದಂಟನ್ನು ಬುಡದಿಂದ ತುದಿಯ ಕಡೆಗೆ ಎಳೆದರೆ ಜಿಪ್ ತೆರೆದ ಹಾಗೆ ಬಿಡಿಸಿಕೊಳ್ಳುತ್ತದೆ. ತುದಿಯಲ್ಲಿ ಎರಡು ಬೆರಳಷ್ಟು ನರ ಎಳೆಯದು, ಅದು ಎಲೆಯ ಜೊತೆಗೇ ಇರಲಿ. ಆಮೇಲೆ ದಂಟುಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿ: ಹಳದಿ ಒಂದು ಕಡೆ, ಕೆಂಪು ಮತ್ತು ಗುಲಾಬಿ ಇನ್ನೊಂದು ಕಡೆ. ನಗಬೇಡಿ. ಕೆಂಪು ಬಿಡುವುದು ಬೀಟ್‌ರೂಟಿನ ಬಣ್ಣವನ್ನೇ. ಒಟ್ಟಿಗೆ ಬೇಯಿಸಿದರೆ ಹಳದಿಯ ಚೆಂದವೆಲ್ಲ ಕೆಟ್ಟಿತು. ಕಿರುಬೆರಳ ಅಗಲಕ್ಕೆ ಹೆಚ್ಚಿ. ಮೊಂಡು ಚಾಕುವಾದರೆ ದಂಟು ಜಜ್ಜಿಹೋಗಿ ರಸವೆಲ್ಲ ಹಲಗೆಯ ಪಾಲು. ವಾರಕ್ಕೊಮ್ಮೆ ಚಾಕು ಮಸೆಯಲು ಈಗಿನವರಿಗೆ ಏನು ಕಷ್ಟವೋ!

ಬಾಣಲೆಗೆ ಎಣ್ಣೆ, ಬೆಳ್ಳುಳ್ಳಿ, ಮೊದಲು ಹಳದಿ ದಂಟು. ನೀರು ಬೇಡ, ಸಣ್ಣ ಉರಿಯಲ್ಲಿ ಚಿಟಿಕೆ ಉಪ್ಪು ಉದುರಿಸಿ ಮುಚ್ಚಿದರೆ ತಾನೇ ಬಿಟ್ಟ ನೀರಿನಲ್ಲಿ ಬೇಯುತ್ತದೆ. ಹಲ್ಲಿಗೆ ತುಸು ಗಟ್ಟಿ ಇರುವಾಗಲೇ ತಟ್ಟೆಗೆ ತೆಗೆದು, ಅದೇ ಬಾಣಲೆಗೆ ಕೆಂಪನ್ನು ಹಾಕಿ. ಅದು ಬೆಂದ ಮೇಲೆ ಎಲೆ, ಅದಕ್ಕೆ ಎರಡು ನಿಮಿಷ ಧಾರಾಳವಾಯಿತು. ಒಲೆ ಆರಿಸಿ ಹಳದಿಯನ್ನು ಮೇಲೆ ಹರಡಿ. ನಿಂಬೆರಸ ಬಡಿಸುವಾಗ ಹಿಂಡಿ. ಒಲೆಯ ಮೇಲಿರುವಾಗ ಹಿಂಡಿದರೆ ಎಲೆ ಮಂಕಾಗುತ್ತದೆ. ಮಿಕ್ಕ ಉಪ್ಪನ್ನು ಕೊನೆಗೆ ರುಚಿ ನೋಡಿಯೇ ಹಾಕಿ. ಈ ಸೊಪ್ಪಿಗೆ ತನ್ನದೇ ಉಪ್ಪಿನ ರುಚಿಯಿದೆ, ಮೇಲಾಗಿ ಬಾಣಲೆ ತುಂಬಿದ ಎಲೆ ಬೆಂದು ಒಂದು ಹಿಡಿಯಾಗುತ್ತದೆ. ಗುಡ್ಡೆಯಂತಿರುವಾಗಲೇ ಉಪ್ಪು ಸುರಿದವರು ಆಮೇಲೆ ನನ್ನ ಹತ್ತಿರ ಬಂದು ಗೋಳಾಡಬೇಡಿ.